ಅಂಗಳದಲ್ಲೇ ಬಿದ್ದಿದ್ದ ಸೌದೆ

ಮರವನ್ನೇ ಕೊಯ್ದು, ಮರವನ್ನೇ ಬೇಯಿಸಿ, ಮರವನ್ನೇ ಮಾರಿ ಬದುಕುವ ಉದ್ಯಮಕ್ಕೆ ಕಲ್ಲಿದ್ದಲು ಯಾಕೆ ಬೇಕಾಯಿತು? ಮೇಲ್ನೋಟಕ್ಕೆ ಬೇಕಾಗಬಾರದು. ದಿಮ್ಮಿಯೊಂದು ಗರಗಸಕ್ಕೆ ಹೋದರೆ ಹೆಚ್ಚು ಕಡಿಮೆ ಅರ್ಧ ಪಾಲಷ್ಟೇ ಹಲಗೆಯಾಗಿ ಹೊರಬರುತ್ತದೆ. ಉಳಿದದ್ದು ತೊಗಟೆ, ಹೊಟ್ಟು, ಅಂಚಿನ ಸೀಳು. ಕಾಗದಕ್ಕೆಂದು ರಾಸಾಯನಿಕದಲ್ಲಿ ಬೇಯಿಸಿದರೂ ಲೆಕ್ಕ ಸುಮಾರಾಗಿ ಅಷ್ಟೇ: ಅರ್ಧ ನಾರು, ಅರ್ಧ ಕರಗಿಹೋದ ಲಿಗ್ನಿನ್ (ನಾರುಗಳನ್ನು ಅಂಟಿಸಿಡುವ ಪದಾರ್ಥ) ಮತ್ತು ಸಕ್ಕರೆಗಳು. ಆ ಉಳಿದರ್ಧವೆಲ್ಲ ಉರಿಯುವ ವಸ್ತು. ಹೀಗಿದ್ದೂ ಬ್ರಿಟನ್, ಅಮೆರಿಕ, ಜಪಾನ್, ಚೀನಾ, ಭಾರತಗಳ ಕಾಗದ ಮತ್ತು ಹಲಗೆಯ ಕಾರ್ಖಾನೆಗಳು ತಲೆಮಾರುಗಟ್ಟಲೆ ಕಲ್ಲಿದ್ದಲು, ಫರ್ನೇಸ್ ಎಣ್ಣೆ, ನೈಸರ್ಗಿಕ ಅನಿಲಗಳನ್ನು ಸುಟ್ಟಿವೆ, ಇಂದಿಗೂ ಸುಡುತ್ತಿವೆ. ಇದಕ್ಕೆ ರೂಢಿಯ ವಿವರಣೆಯೊಂದಿದೆ: ಕಾಡಿದ್ದವರು ಮರ ಸುಟ್ಟರು, ಕಾಡಿಲ್ಲದವರು ಗಣಿ ಅಗೆದರು. ಇದು ಅರ್ಧಸತ್ಯ. ಎರಡು ಶತಮಾನಗಳ ಇತಿಹಾಸವನ್ನು ದೇಶ ದೇಶವಾಗಿ ಹಿಡಿದು ನೋಡಿದರೆ, ಬಾಯ್ಲರಿಗೆ ಏನು ಬಿತ್ತು ಎಂಬುದನ್ನು ಕಾಡಿಗಿಂತ ಹೆಚ್ಚಾಗಿ ಇನ್ನೆರಡು ಸಂಗತಿಗಳು ತೀರ್ಮಾನಿಸಿವೆ ಎಂದು ಕಾಣುತ್ತದೆ. ಒಂದು, ಕಾರ್ಖಾನೆ ಆರಿಸಿಕೊಂಡ ತಯಾರಿಕೆಯ ವಿಧಾನ ಆ ಉಳಿದರ್ಧವನ್ನು ಉಳಿಸಿಕೊಂಡಿತೇ, ಚೆಲ್ಲಿತೇ ಎಂಬುದು. ಇನ್ನೊಂದು, ಹೊರಗಿನಿಂದ ಬರುವ ಇಂಧನಕ್ಕೆ ಆಳುವವರು ಎಷ್ಟು ಬೆಲೆ ಬೀಳಲು ಬಿಟ್ಟರು ಎಂಬುದು.

ಮರಗೆಲಸಕ್ಕೆ ಉಗಿಯಂತ್ರ ಬಂದ ಕಾಲಕ್ಕೇ ಈ ಕವಲು ಕಾಣಿಸಿಕೊಂಡಿತು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ ನೌಕಾಪಡೆಯ ಹಡಗುಗಳಿಗೆ ಮರದ ರಾಟೆಗಳನ್ನು ಮಾಡಲು ಮಾರ್ಕ್ ಬ್ರೂನೆಲ್ ರೂಪಿಸಿ ಹೆನ್ರಿ ಮಾಡ್ಸ್ಲಿ ಕಟ್ಟಿದ ಯಂತ್ರಗಳು 1808ರ ಹೊತ್ತಿಗೆ ವರ್ಷಕ್ಕೆ 1,30,000 ರಾಟೆಗಳನ್ನು ಉರುಳಿಸುತ್ತಿದ್ದವು. ನೂರಕ್ಕೂ ಹೆಚ್ಚು ನುರಿತ ಬಡಗಿಗಳ ಕೆಲಸವನ್ನು ಹತ್ತು ಮಂದಿ ಮಾಡುತ್ತಿದ್ದರು, ಆ ಯಂತ್ರಗಳನ್ನು ಓಡಿಸುತ್ತಿದ್ದದ್ದು ಕಲ್ಲಿದ್ದಲು. ಸ್ವೀಡನ್ನಿನ ಸುಂಡ್ಸ್‌ವಾಲ್ ಬಳಿಯ ಟೂನಾಡಾಲ್‌ನಲ್ಲಿ 1849ರಲ್ಲಿ ಆ ದೇಶದ ಮೊದಲ ಉಗಿ ಗರಗಸದ ಕಾರ್ಖಾನೆ ಶುರುವಾದಾಗ ಯಂತ್ರ ಅದೇ ಜಾತಿಯದು, ಒಲೆಗೆ ಬಿದ್ದದ್ದು ಮಾತ್ರ ಕಾರ್ಖಾನೆಯದೇ ಹೊಟ್ಟು ಮತ್ತು ಸೀಳು. ಫಿನ್ಲೆಂಡಿನಲ್ಲಿ ಕಾಡು ಬರಿದಾದೀತೆಂಬ ಭಯದಿಂದ ಉಗಿ ಗರಗಸಕ್ಕೆ ನಿರ್ಬಂಧವಿತ್ತು. 1857ರಲ್ಲಿ ಅದು ತೆರವಾದ ಮೇಲೆ ನಾರ್ವೆಯ ಹಾನ್ಸ್ ಗುಟ್ಸೈಟ್ 1872ರಲ್ಲಿ ಕೋಟ್ಕಾದಲ್ಲಿ ಕಾರ್ಖಾನೆ ಹಾಕಿದ. ಉಗಿ ಬಂತೆಂದರೆ ಕಲ್ಲಿದ್ದಲು ಬಂತು ಎಂದು ಕೈಗಾರಿಕಾ ಕ್ರಾಂತಿಯ ಪಾಠಗಳಲ್ಲಿ ಓದುತ್ತೇವೆ. ಬಾಲ್ಟಿಕ್ ಸಮುದ್ರದ ಈ ಕರಾವಳಿಗೆ ಆ ಪಾಠ ಹೊಂದುವುದಿಲ್ಲ. ಅಲ್ಲಿ ಹೊಟ್ಟು ಎಷ್ಟು ಮಿಗುತ್ತಿತ್ತೆಂದರೆ, ಸುಟ್ಟು ಉಳಿದದ್ದನ್ನು ಸಮುದ್ರಕ್ಕೇ ಸುರಿಯುತ್ತಿದ್ದರು.

ಕೊಯ್ಯುವುದಕ್ಕೆ ಬೇಕಾಗುವ ಶಕ್ತಿ ದೊಡ್ಡದಲ್ಲ. ಮರದ ಉದ್ಯಮದ ನಿಜವಾದ ಹಸಿವು ಇರುವುದು ನೀರನ್ನು ಓಡಿಸುವುದರಲ್ಲಿ. ಹಸಿ ಮರದಲ್ಲಿ ಕೆಲವೊಮ್ಮೆ ಅದರ ಒಣತೂಕಕ್ಕಿಂತ ಹೆಚ್ಚು ನೀರಿರುತ್ತದೆ. ಕಾಗದದ ಯಂತ್ರದ ಜಾಲರಿಯ ಮೇಲೆ ಹರಿಯುವ ತಿರುಳಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ. ನಮ್ಮ ನಾಟಾ ವ್ಯಾಪಾರಿಗಳು ಹಲಗೆಗಳನ್ನು ನೆರಳಲ್ಲಿ ಪೇರಿಸಿ ತಿಂಗಳುಗಟ್ಟಲೆ ಹದಗೊಳಿಸುತ್ತಿದ್ದ ಹಾಗೆ ಯುರೋಪಿನವರೂ ಗಾಳಿಗೆ ಬಿಟ್ಟು ಕಾಯುತ್ತಿದ್ದರು, ಕಾಗದದ ಹಾಳೆಯನ್ನು ಅಟ್ಟದಲ್ಲಿ ಹಗ್ಗಕ್ಕೆ ನೇತು ಹಾಕುತ್ತಿದ್ದರು. 1820ರಲ್ಲಿ ಇಂಗ್ಲೆಂಡಿನ ಥಾಮಸ್ ಕ್ರಾಂಪ್ಟನ್ ಬಿಸಿ ಉರುಳೆಗಳ ಮೇಲೆ ಕಾಗದದ ಸುರುಳಿಯನ್ನು ಓಡಿಸಿ ಒಣಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ಕಾಯುವ ಕೆಲಸವನ್ನು ಬೆಂಕಿ ವಹಿಸಿಕೊಂಡಿತು. ಆಗಿನ ಬ್ರಿಟಿಷ್ ಕಾಗದ ತಯಾರಾಗುತ್ತಿದ್ದದ್ದು ಮರದಿಂದಲ್ಲ, ಚಿಂದಿ ಬಟ್ಟೆಯಿಂದ. ಚಿಂದಿಯೆಂದರೆ ಬಹುಪಾಲು ಶುದ್ಧ ನಾರು, ಒಲೆಗೆ ಹಾಕಲು ಅದು ಏನನ್ನೂ ಉಳಿಸುವುದಿಲ್ಲ. ಹೀಗಾಗಿ ಅಲ್ಲಿಯ ಕಾಗದದ ಯಂತ್ರ ಹುಟ್ಟಿನಿಂದಲೇ ಕಲ್ಲಿದ್ದಲಿನ ಮನೆಯ ಕೂಸಾಯಿತು. ಸ್ವಂತ ಇಂಧನವಿಲ್ಲದ ಕಚ್ಚಾಮಾಲು ಕಾಗದದ ಕಾರ್ಖಾನೆಯನ್ನು ಹೊರಗಿನ ಬೆಂಕಿಗೆ ಕಟ್ಟಿಹಾಕುತ್ತದೆ ಎಂಬ ಈ ಸಂಗತಿ ಇಪ್ಪತ್ತೊಂದನೆಯ ಶತಮಾನದ ರದ್ದಿ ಕಾಗದದ ವಿಷಯದಲ್ಲೂ ಹಾಗೇ ಉಳಿದಿದೆ.

ಚಿಂದಿ ಸಾಲದಾದಾಗ ಮರ ಬಂತು. ಸ್ಯಾಕ್ಸನಿಯ ಫ್ರೀಡ್ರಿಕ್ ಕೆಲ್ಲರ್ 1844ರಲ್ಲಿ ಮರವನ್ನು ಕಲ್ಲಿಗೆ ಒತ್ತಿ ಅರೆದು ತಿರುಳು ತೆಗೆದ. ಅದರಲ್ಲಿ ಮರದ ಬಹುಪಾಲು ಕಾಗದಕ್ಕೇ ಹೋಗುತ್ತದೆ, ಅರೆಯುವ ಬಲಕ್ಕೆ ಜಲಪಾತವೋ ವಿದ್ಯುತ್ತೋ ಬೇಕು. ಹೆಚ್ಚು ಮುಖ್ಯವಾದದ್ದು ಬೇಯಿಸುವ ವಿಧಾನಗಳು. ಸ್ವೀಡನ್ನಿನ ಬೆರ್ಗ್‌ವಿಕ್‌ನಲ್ಲಿ 1874ರಲ್ಲಿ ಶುರುವಾದ ಸಲ್ಫೈಟ್ ಪದ್ಧತಿ ಬಿಳಿಯ, ಅಂದವಾದ ತಿರುಳು ಕೊಟ್ಟಿತು. ಆದರೆ ಬೇಯಿಸಿ ಉಳಿದ ದ್ರವದಿಂದ ರಾಸಾಯನಿಕವನ್ನು ಮರಳಿ ಪಡೆಯುವುದು ಕಷ್ಟ, ಹೊಸದನ್ನು ಕೊಳ್ಳುವುದೇ ಅಗ್ಗ. ಆದ್ದರಿಂದ ಮರದ ಅರ್ಧ ಪಾಲು, ಅದರೊಳಗಿನ ಶಾಖವೆಲ್ಲವೂ ನದಿಗೆ ಹೋಯಿತು, ಮೀನು ಸತ್ತವು, ಬಾಯ್ಲರಿಗೆ ಹಡಗಿನಲ್ಲಿ ಕಲ್ಲಿದ್ದಲು ಬಂತು. ಜರ್ಮನಿಯ ಕಾರ್ಲ್ ದಾಲ್ ಡಾನ್ಸಿಗ್‌ನಲ್ಲಿ 1879ರಲ್ಲಿ ಕಂಡುಕೊಂಡ ಸಲ್ಫೇಟ್ ಅಥವಾ ಕ್ರಾಫ್ಟ್ ಪದ್ಧತಿಯ ಗುಣ ಬೇರೆ. ಅದರ ಸೋಡಾ ರಾಸಾಯನಿಕಗಳು ಚೆಲ್ಲುವಷ್ಟು ಅಗ್ಗವಲ್ಲ. ಅವುಗಳನ್ನು ಮರಳಿ ಪಡೆಯಬೇಕಾದರೆ ಬ್ಲ್ಯಾಕ್ ಲಿಕರ್ ಎನ್ನುವ ಕಪ್ಪು ದ್ರಾವಣವನ್ನು ಆವಿಯಾಗಿಸಿ ಗಟ್ಟಿ ಮಾಡಿ ಸುಡಲೇಬೇಕು; ಸುಟ್ಟರೆ ಲಿಗ್ನಿನ್ ಉರಿದು ಉಗಿ ಹುಟ್ಟುತ್ತದೆ, ತಳದಲ್ಲಿ ಸೋಡಾ ಕರಗಿ ಹರಿಯುತ್ತದೆ. ಕೆನಡಾದಲ್ಲಿ ಜಾರ್ಜ್ ಟಾಮ್ಲಿನ್ಸನ್ 1930ರ ದಶಕದ ಆರಂಭದಲ್ಲಿ ರೂಪಿಸಿದ ರಿಕವರಿ ಬಾಯ್ಲರ್ ಈ ಎರಡೂ ಕೆಲಸಗಳನ್ನು ಒಂದೇ ಕುಲುಮೆಯಲ್ಲಿ ಮಾಡಿತು. ಕಾಗದದ ಚರಿತ್ರೆ ಬರೆಯುವವರು ಕಾಗದ ಕಂಡುಹಿಡಿದನೆನ್ನುವ ಚೀನಾದ ಕಾಯ್ ಲುನ್‌ಗೂ ಮುದ್ರಣದ ಗುಟೆನ್‌ಬರ್ಗ್‌ಗೂ ಕೊಡುವ ಜಾಗದಲ್ಲಿ ಸ್ವಲ್ಪವನ್ನಾದರೂ ಈ ಕುಲುಮೆಗೆ ಕೊಡಬೇಕಿತ್ತು. ಗಮನಿಸಬೇಕಾದದ್ದೆಂದರೆ, ಅದನ್ನು ಕಟ್ಟಿಸಿದ್ದು ಹವೆಯ ಚಿಂತೆಯೂ ಅಲ್ಲ, ಕಾಡಿನ ಕಾಳಜಿಯೂ ಅಲ್ಲ, ಸೋಡಾದ ಬೆಲೆ.

ಬೆಲೆಯ ಈ ಕೈವಾಡ ಇನ್ನೂ ಸ್ಪಷ್ಟವಾಗಿ ಕಾಣುವುದು ಸ್ವೀಡನ್ನಿನಲ್ಲೇ. ಎರಡನೆಯ ಮಹಾಯುದ್ಧದಲ್ಲಿ ಹೊರಗಿನ ಇಂಧನದ ದಾರಿ ಬಿಗಿಯಾದಾಗ ಆ ದೇಶ ಮರದಿಂದ ಏನೆಲ್ಲ ತೆಗೆಯಬಹುದೋ ಅದನ್ನೆಲ್ಲ ತೆಗೆಯಿತು. ಸೌದೆಯನ್ನು ಅನಿಲವಾಗಿಸಿ ಕಾರು ಲಾರಿಗಳನ್ನು ಓಡಿಸಿದರು, ಸಲ್ಫೈಟ್ ಕಾರ್ಖಾನೆಯ ದ್ರವವನ್ನು ಹುಳಿಸಿ ಆಲ್ಕೋಹಾಲ್ ಮಾಡಿದರು, ಮರದ ತಿರುಳನ್ನು ದನಗಳ ಮೇವಿಗೆ ಹಾಕಿದರು. ಕೌಶಲವಿತ್ತು, ಮರವಿತ್ತು, ರೂಢಿಯೂ ಆಗಿತ್ತು. ಯುದ್ಧ ಮುಗಿದು ಅಗ್ಗದ ಎಣ್ಣೆ ಬಂದದ್ದೇ ತಡ, ಇದನ್ನೆಲ್ಲ ಬದಿಗಿಟ್ಟರು. 1970ರ ಹೊತ್ತಿಗೆ ದೇಶ ಬಳಸುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಎಣ್ಣೆಯದಾಗಿತ್ತು. ಹಿತ್ತಲಲ್ಲಿ ತೊಗಟೆಯ ಗುಡ್ಡ ಬಿದ್ದಿದ್ದ ಕಾಗದದ ಕಾರ್ಖಾನೆಗಳೂ ಎಣ್ಣೆ ಸುಡುತ್ತಿದ್ದವು. ಒದ್ದೆ ತೊಗಟೆ ಉರಿಸಲು ರಗಳೆ, ಎಣ್ಣೆಗೆ ನಲ್ಲಿ ತಿರುಗಿಸಿದರೆ ಸಾಕು. 1973ರಲ್ಲಿ ಎಣ್ಣೆಯ ಬೆಲೆ ನಾಲ್ಕು ಪಟ್ಟು ಏರಿತು. ತೊಗಟೆಯನ್ನು ಹಿಂಡಿ ಒಣಗಿಸಿ ಸುಡುವ ಬಾಯ್ಲರುಗಳು ಬಂದವು, ಬ್ಲ್ಯಾಕ್ ಲಿಕರನ್ನು ಇನ್ನಷ್ಟು ಗಟ್ಟಿಯಾಗಿಸಿ ಸುಟ್ಟರು, ಒಣಗಿಸುವ ಉಗಿಯನ್ನು ಮೊದಲು ಟರ್ಬೈನ್ ಮೂಲಕ ಹಾಯಿಸಿ ವಿದ್ಯುತ್ ತೆಗೆದರು, ಸರ್ಕಾರ ಇದಕ್ಕೆ ಸಹಾಯಧನ ಕೊಟ್ಟಿತು, 1991ರಲ್ಲಿ ಇಂಗಾಲದ ತೆರಿಗೆಯೂ ಬಂತು. 1973ರಿಂದ 2006ರ ನಡುವೆ ಉತ್ಪಾದನೆ ಬೆಳೆಯುತ್ತಲೇ ಇದ್ದಾಗ ಸ್ವೀಡನ್ನಿನ ಕಾಗದ-ತಿರುಳಿನ ಉದ್ಯಮ ಉಗುಳುವ ಇಂಗಾಲದ ಡೈಆಕ್ಸೈಡ್ ಶೇ. 80ರಷ್ಟು ಇಳಿಯಿತು. ಅಣು ವಿದ್ಯುತ್ತಿನ ಪಾಲೂ ಇದರಲ್ಲಿದೆ, ಎಲ್ಲ ಶ್ರೇಯಸ್ಸನ್ನೂ ಮರಕ್ಕೆ ಬರೆಯುವುದು ಸರಿಯಲ್ಲ. ಆದರೂ ಮುಖ್ಯ ಸಂಗತಿ ಅಲ್ಲಾಡುವುದಿಲ್ಲ. ಯುದ್ಧಕಾಲದಲ್ಲಿ, 1960ರಲ್ಲಿ, 1980ರಲ್ಲಿ ಕಾಡು ಅದೇ ಕಾಡು. ಬದಲಾದದ್ದು ಎಣ್ಣೆ ಸಿಗುವ ಬಗೆ ಮತ್ತು ಅದರ ಬೆಲೆ.

ಇದನ್ನು ಒಪ್ಪದವರು ಹೇಳಬಹುದು: ಸ್ವೀಡನ್ನಿಗೆ ಕಾಡಿದ್ದದ್ದರಿಂದಲೇ ತಾನೇ ಹಿಂದಿರುಗಲು ದಾರಿಯಿತ್ತು? ಹೌದು, ಕಾಡು ಬೇಕು. ಆದರೆ ಕಾಡಿದ್ದರೆ ಸಾಕು ಎಂಬುದಕ್ಕೆ ವಿರುದ್ಧ ಸಾಕ್ಷಿ ಬೇಕಾದಷ್ಟಿದೆ. ಜಪಾನಿನ ನೆಲದಲ್ಲಿ ಮೂರನೆಯ ಎರಡು ಪಾಲು ಕಾಡು. ಅದೇ ಎಣ್ಣೆ ಬಿಕ್ಕಟ್ಟಿನ ಏಟು ಅದಕ್ಕೂ ಬಿತ್ತು. ಅಲ್ಲಿಯ ಕಾಗದದ ಕಂಪನಿಗಳು ಬ್ಲ್ಯಾಕ್ ಲಿಕರ್ ಸುಡುವುದರ ಜತೆಗೆ, ಎಣ್ಣೆಯ ಬಾಯ್ಲರುಗಳನ್ನು ತೆಗೆದು ಕಲ್ಲಿದ್ದಲಿನವನ್ನು ಹಾಕಿಕೊಂಡವು, ಯಾಕೆಂದರೆ ಆಮದಿನ ಕಲ್ಲಿದ್ದಲು ಅಗ್ಗವಾಗಿತ್ತು, ಅದಕ್ಕೆ ತಡೆಯಿರಲಿಲ್ಲ. ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯ ಕತೆ ಇನ್ನೂ ಕಣ್ಣಿಗೆ ಕಟ್ಟುವಂಥದು. ಒರೆಗಾನ್, ಬ್ರಿಟಿಷ್ ಕೊಲಂಬಿಯಾಗಳ ಗರಗಸದ ಕಾರ್ಖಾನೆಗಳ ಅಂಗಳದಲ್ಲಿ ಕಬ್ಬಿಣದ ತಗಡಿನ ದೊಡ್ಡ ಗೋಪುರಗಳಿರುತ್ತಿದ್ದವು. ಹೊಟ್ಟು, ತೊಗಟೆ, ಸೀಳುಗಳನ್ನು ಅವುಗಳೊಳಗೆ ಹಗಲೂ ರಾತ್ರಿ ಸುಡುತ್ತಿದ್ದರು, ಯಾವ ಉಪಯೋಗಕ್ಕೂ ಅಲ್ಲ, ಕಸ ಕಳೆಯಲು ಮಾತ್ರ. ಬ್ರಿಟಿಷ್ ಕೊಲಂಬಿಯಾದಲ್ಲಿ ಅದೇ ಕಾಲಕ್ಕೆ ಹಲಗೆ ಒಣಗಿಸುವ ಗೂಡುಗಳು ನೈಸರ್ಗಿಕ ಅನಿಲದಿಂದ ಉರಿಯುತ್ತಿದ್ದವು. ಈ ಗೋಪುರಗಳನ್ನು ಕೊನೆಗೂ ಮುಚ್ಚಿಸಿದ್ದು ಪಕ್ಕದ ಊರುಗಳ ಮೇಲೆ ಕವಿಯುತ್ತಿದ್ದ ಹೊಗೆ ಮತ್ತು ಅದರ ವಿರುದ್ಧ ಬಂದ ಕಾನೂನು. ಇಂಧನ ಕಣ್ಣೆದುರಿಗೆ ಬಿದ್ದಿದೆ ಎಂಬ ಒಂದೇ ಕಾರಣಕ್ಕೆ ಯಾವ ಕಾರ್ಖಾನೆಯೂ ಅದನ್ನು ಬಳಸುವುದಿಲ್ಲ.

ನಿಯಮವೇ ತಪ್ಪಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ 2009ರ ಅಮೆರಿಕವನ್ನು ನೋಡಬೇಕು. ಪೆಟ್ರೋಲು ಡೀಸೆಲ್ಲಿಗೆ ಪರ್ಯಾಯ ಇಂಧನ ಬೆರೆಸಿದವರಿಗೆ ಗ್ಯಾಲನ್ನಿಗೆ ಐವತ್ತು ಸೆಂಟ್ ತೆರಿಗೆ ರಿಯಾಯಿತಿ ಕೊಡುವ ಕಾನೂನು 2005ರಲ್ಲಿ ಬಂದಿತ್ತು, ವಾಹನಗಳನ್ನು ಉದ್ದೇಶಿಸಿ. ಅದನ್ನು 2007ರಲ್ಲಿ ವಾಹನವಲ್ಲದ ಬಳಕೆಗೂ ವಿಸ್ತರಿಸಿದರು. ದಶಕಗಳಿಂದ ಬ್ಲ್ಯಾಕ್ ಲಿಕರನ್ನು ಶುದ್ಧವಾಗಿಯೇ ಸುಡುತ್ತಿದ್ದ ಕಾಗದದ ಕಂಪನಿಗಳು ರಿಯಾಯಿತಿಗೆ ಅರ್ಹವಾಗಲು ಅದಕ್ಕೆ ಒಂದಿಷ್ಟು ಡೀಸೆಲ್ ಬೆರೆಸತೊಡಗಿದವು. ಕಾನೂನಿನ ಮಾತಿನಲ್ಲಿ ಅದು ಮಿಶ್ರಣವಾಗಬೇಕಿತ್ತು. ಇಂಟರ್‌ನ್ಯಾಷನಲ್ ಪೇಪರ್ ಕಂಪನಿಯೊಂದಕ್ಕೇ ಆ ವರ್ಷ ಸುಮಾರು 200 ಕೋಟಿ ಡಾಲರ್ ಬಂತು. ಪಕ್ಕದ ಕೆನಡಾ ತನ್ನ ಕಾರ್ಖಾನೆಗಳು ಪೈಪೋಟಿಯಲ್ಲಿ ಸೋಲಬಾರದೆಂದು 100 ಕೋಟಿ ಡಾಲರಿನ ನೆರವು ಸಾರಿತು, ಆದರೆ ಆ ಹಣವನ್ನು ಶಕ್ತಿ ಉಳಿಸುವ ಮತ್ತು ಪರಿಸರಕ್ಕೆ ಒಳಿತಾಗುವ ಹೊಸ ಯಂತ್ರಗಳಿಗೇ ಹಾಕಬೇಕೆಂದು ಷರತ್ತು ಹಾಕಿತು. ನೆರೆಹೊರೆಯ ಎರಡು ದೇಶ, ಒಂದೇ ಬಗೆಯ ಕಾಡು, ಒಂದೇ ಬಗೆಯ ಯಂತ್ರ; ಒಂದರ ನಿಯಮ ಹಸಿರು ಇಂಧನಕ್ಕೆ ಡೀಸೆಲ್ ಸುರಿಸಿತು, ಇನ್ನೊಂದರದು ಬಾಯ್ಲರ್ ಬದಲಿಸಿತು.

ಹೆಚ್ಚು ಗಂಭೀರವಾದ ಆಕ್ಷೇಪವೊಂದಿದೆ. ಮರದ ಹೊಗೆಯೂ ಇಂಗಾಲವೇ ಅಲ್ಲವೇ, ಅದನ್ನು ಲೆಕ್ಕಕ್ಕೆ ಹಿಡಿಯದೆ ಕಲ್ಲಿದ್ದಲನ್ನು ಮಾತ್ರ ದೂರುವುದು ನ್ಯಾಯವೇ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಉತ್ತರದ ಚಳಿಯ ಕಾಡಿನಲ್ಲಿ ಮರವೊಂದು ಬಲಿಯಲು ಅರವತ್ತರಿಂದ ನೂರು ವರ್ಷ ಬೇಕು. ಇಂದು ಸುಟ್ಟ ಇಂಗಾಲ ಮರಳಿ ಮರವಾಗುವಷ್ಟರಲ್ಲಿ ಮೂರು ತಲೆಮಾರು ಕಳೆದಿರುತ್ತದೆ. ಬ್ರಿಟನ್ನಿನ ಡ್ರ್ಯಾಕ್ಸ್ ವಿದ್ಯುತ್ ಸ್ಥಾವರ ಅಟ್ಲಾಂಟಿಕ್ ಆಚೆಯಿಂದ ಮರದ ಉಂಡೆಗಳನ್ನು ತರಿಸಿ ಸುಡುವುದನ್ನು ಹಸಿರೆಂದು ಒಪ್ಪಲು ನನಗೆ ಸಾಧ್ಯವಿಲ್ಲ. ಆದರೆ ಸುಡಲೆಂದೇ ಕಡಿದ ಮರ ಬೇರೆ, ಕಾಗದಕ್ಕೆಂದು ಬೇಯಿಸಿದಾಗ ಹೇಗೂ ಬೇರ್ಪಟ್ಟ ಲಿಗ್ನಿನ್ ಬೇರೆ. ಎರಡನೆಯದನ್ನು ಸುಡದಿದ್ದರೆ ಅದು ನದಿಯಲ್ಲಿ ಕೊಳೆಯುತ್ತದೆ, ಅದರ ಜಾಗಕ್ಕೆ ಕಲ್ಲಿದ್ದಲು ಬರುತ್ತದೆ. ಈ ಭೇದವನ್ನು ಸ್ವೀಡನ್ ತನ್ನದೇ ಕಾರಣಕ್ಕೆ ಕಾನೂನಾಗಿ ಬರೆದಿತ್ತು. ಎಣ್ಣೆ ಬಿಕ್ಕಟ್ಟಿನ ನಂತರ ಎಲ್ಲರೂ ಸೌದೆಗೆ ಮುಗಿಬಿದ್ದಾಗ, ಕಾಗದಕ್ಕೆ ಒದಗುವ ಮರದ ನಾರನ್ನು ದೊಡ್ಡ ಪ್ರಮಾಣದಲ್ಲಿ ಸುಡಲು ಸರ್ಕಾರದ ಅನುಮತಿ ಬೇಕಾಯಿತು. ಅದು ಕಾರ್ಖಾನೆಗಳ ಕಚ್ಚಾಮಾಲನ್ನು ಕಾಪಾಡುವ ಕಾನೂನು. ಆದರೂ ಮೊದಲು ಪದಾರ್ಥ, ಆಮೇಲೆ ಇಂಧನ ಎಂಬ ಅದರ ಕ್ರಮ ಸರಿಯಾದದ್ದೇ.

ರದ್ದಿ ಕಾಗದದ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಹಳೆಯ ಕಾಗದವನ್ನು ಮತ್ತೆ ಕಾಗದ ಮಾಡಿದರೆ ಮರ ಉಳಿಯುತ್ತದೆ, ಒಟ್ಟು ಶಕ್ತಿಯೂ ಉಳಿಯುತ್ತದೆ, ಇದರಲ್ಲಿ ಅನುಮಾನವಿಲ್ಲ. ಆದರೆ ರದ್ದಿಯಲ್ಲಿ ಬ್ಲ್ಯಾಕ್ ಲಿಕರ್ ಇಲ್ಲ, ತೊಗಟೆ ಇಲ್ಲ. ಒಣಗಿಸುವ ಉಗಿಯನ್ನೆಲ್ಲ ಹೊರಗಿನ ಬೆಂಕಿಯಿಂದಲೇ ತರಬೇಕು. ಹುಲ್ಲಿನ ಕಾಗದದ ತೊಡಕು ಇನ್ನೊಂದು ಬಗೆಯದು: ಭತ್ತ, ಗೋಧಿಗಳ ಹುಲ್ಲಿನಲ್ಲಿರುವ ಸಿಲಿಕಾ ಕಪ್ಪು ದ್ರಾವಣದಲ್ಲಿ ಸೇರಿ ಕೊಳವೆಗಳಲ್ಲಿ ಗಾರೆಯಂತೆ ಕಟ್ಟಿಕೊಳ್ಳುತ್ತದೆ, ಅದನ್ನು ಸುಟ್ಟು ಸೋಡಾ ಪಡೆಯುವುದು ಚಿಕ್ಕ ಕಾರ್ಖಾನೆಗೆ ಆಗದ ಕೆಲಸ. ಚೀನಾದ ಹುವಾಯ್ ನದಿಯ ಕಣಿವೆಯಲ್ಲಿ ಇಂಥ ನೂರಾರು ಕಾರ್ಖಾನೆಗಳು ದ್ರಾವಣವನ್ನು ನೀರಿಗೆ ಬಿಟ್ಟು ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವು. 1996ರಲ್ಲಿ ಸರ್ಕಾರ ಚಿಕ್ಕವನ್ನೆಲ್ಲ ಮುಚ್ಚಿಸಿತು. ನಂತರ ಬಂದ ದೊಡ್ಡ ಕಾರ್ಖಾನೆಗಳು ಬಹುಮಟ್ಟಿಗೆ ರದ್ದಿ ಮತ್ತು ಆಮದು ತಿರುಳಿನವು. ನದಿ ಸುಧಾರಿಸಿತು, ಕಲ್ಲಿದ್ದಲು ಉಳಿದುಕೊಂಡಿತು.

ಬೆಂಕಿಯ ಲೆಕ್ಕವಷ್ಟನ್ನೇ ಹಿಡಿದರೂ ಕತೆ ಪೂರ್ತಿಯಾಗುವುದಿಲ್ಲ, ಯಾಕೆಂದರೆ ಪಳೆಯುಳಿಕೆ ಇಂಧನ ಮರದ ಒಳಗೂ ಹೊಕ್ಕಿದೆ. 1838ರಲ್ಲಿ ಜಾನ್ ಬೆಥೆಲ್ ಮರಕ್ಕೆ ಒತ್ತಡದಲ್ಲಿ ಕ್ರಿಯೋಸೋಟ್ ಉಣಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದು ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಎಣ್ಣೆ. ರೈಲುಹಳಿಯ ಕೆಳಗೆ ಮರದ ಸ್ಲೀಪರುಗಳು ಗೆದ್ದಲು, ಕೊಳೆತಗಳನ್ನು ತಾಳಿಕೊಂಡದ್ದು ಅದರಿಂದ. ಇಪ್ಪತ್ತನೆಯ ಶತಮಾನದಲ್ಲಿ ಪ್ಲೈವುಡ್, ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹಲಗೆಗಳು ಬಂದಾಗ ಹಿಟ್ಟು, ರಕ್ತ, ಹಾಲಿನ ಕೇಸಿನ್‌ಗಳ ಹಳೆಯ ಅಂಟುಗಳ ಜಾಗಕ್ಕೆ ಫಾರ್ಮಾಲ್ಡಿಹೈಡ್ ರಾಳಗಳು ಬಂದವು. ಅವುಗಳ ಮೂಲ ನೈಸರ್ಗಿಕ ಅನಿಲ, ಕಲ್ಲಿದ್ದಲು, ಪೆಟ್ರೋಲಿಯಂ. ಹೊಟ್ಟನ್ನು ಸುಡದೆ ಹಲಗೆ ಮಾಡಿದೆವೆಂಬ ಸಮಾಧಾನದ ಜತೆ ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಬೆಂಗಳೂರಿನಲ್ಲಿ 1962ರಲ್ಲಿ ಶುರುವಾದ ಪ್ಲೈವುಡ್ ಸಂಶೋಧನಾ ಸಂಸ್ಥೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಇಂಥ ರಾಳಗಳಲ್ಲಿ ಬಳಸುವ ಫೀನಾಲಿನ ಬದಲಿಗೆ ಒಂದಷ್ಟು ಪಾಲು ಬೆರೆಸಿ ಅಂಟು ಮಾಡುವ ದಾರಿ ಹುಡುಕಿದ್ದು ಈ ಕಾರಣಕ್ಕೆ ಬೆಲೆಯುಳ್ಳ ಕೆಲಸ. ನಮ್ಮ ಕರಾವಳಿಯಲ್ಲಿ ಗೇರು ಕಾರ್ಖಾನೆಗಳ ಸಿಪ್ಪೆ ರಾಶಿ ರಾಶಿಯಾಗಿ ಸಿಗುತ್ತದೆ.

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ಆದ್ದರಿಂದಲೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಮಲೆನಾಡಿನ ಮರದ ಇದ್ದಿಲಿನಿಂದ ಅದಿರು ಕರಗಿಸಲು ಹೊರಟಿತು. ಮರವನ್ನು ಇದ್ದಿಲಾಗಿಸುವಾಗ ಹೊರಡುವ ಹೊಗೆಯಿಂದ ಮೆಥನಾಲ್, ಡಾಂಬರು ತೆಗೆಯುವ ಘಟಕವೂ ಅಲ್ಲಿತ್ತು. ಮರದಿಂದ ಕಬ್ಬಿಣ ಮಾಡಬಲ್ಲ ನಾಡು, ದಾಂಡೇಲಿಯಲ್ಲಿ ಕಾಗದ ಮಾಡಲು ಹೊರಗಿನ ಕಲ್ಲಿದ್ದಲನ್ನು ರೈಲಿನಲ್ಲಿ ತರಿಸಿತು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಸ್ಥಾಪನೆಯಾಗಿ ಉತ್ತರ ಕನ್ನಡದ ಬಿದಿರನ್ನು ನಂಬಿ ಕೆಲಸ ಶುರುಮಾಡಿತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತೆ ಮತ್ತೆ ಬರೆದಿರುವಂತೆ, ಬಿದಿರು ಅದಕ್ಕೆ ಟನ್ನಿಗೆ ಒಂದೂವರೆ ರೂಪಾಯಿಗೆ ಸಿಕ್ಕಿತು, ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ನೂರಾರು ಪಟ್ಟು ಕೊಡಬೇಕಾಗಿದ್ದ ಕಾಲದಲ್ಲಿ. ಕ್ರಾಫ್ಟ್ ಪದ್ಧತಿಯ ಕಾರ್ಖಾನೆಯಾದ್ದರಿಂದ ಕಪ್ಪು ದ್ರಾವಣ ಅಲ್ಲಿ ಉರಿಯುತ್ತಿತ್ತು. ಆದರೆ ಬಿದಿರಿನಲ್ಲೂ ಸಿಲಿಕಾ ಇದೆ, ದ್ರಾವಣವನ್ನು ಗಟ್ಟಿಯಾಗಿಸುವುದು, ಸೋಡಾವನ್ನು ಮತ್ತೆ ಬಳಕೆಗೆ ತರುವ ಸುಣ್ಣವನ್ನು ಮರಳಿ ಸುಟ್ಟು ಬಳಸುವುದು ಎರಡೂ ಕಷ್ಟ. ಇಂಧನದ ಕೊರತೆ ತುಂಬಿದ್ದು ಕಲ್ಲಿದ್ದಲು. ಕಚ್ಚಾಮಾಲು ಬಿಟ್ಟಿಯಂತೆ ಸಿಕ್ಕಿದ್ದರಿಂದ ಅದರ ಪ್ರತಿ ಕಣವನ್ನೂ ಉಳಿಸಿಕೊಳ್ಳುವ ಒತ್ತಡ ಹುಟ್ಟಲಿಲ್ಲ ಎಂಬುದು ನನ್ನ ತೀರ್ಮಾನ. ಬಿದಿರು ಮೆಳೆಗಳು ಬರಿದಾದವು, ನೀಲಗಿರಿ ಬಂತು. ಕಾಡು ಕಳೆದುಕೊಂಡವರಿಗೆ ಬಾಯ್ಲರಿನಲ್ಲಿ ಯಾವುದು ಉರಿಯಿತೆಂಬುದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ.

ಕ್ರಾಫ್ಟ್ ಕಾರ್ಖಾನೆಯಲ್ಲಿ ಕೊನೆಯವರೆಗೂ ಎಣ್ಣೆಯನ್ನೋ ಅನಿಲವನ್ನೋ ಬಿಡದೆ ಕೂತದ್ದು ಸುಣ್ಣದ ಗೂಡು. ಫಿನ್ಲೆಂಡಿನ ಎನೆಕೊಸ್ಕಿಯಲ್ಲಿ 2017ರಲ್ಲಿ ಶುರುವಾದ ಕಾರ್ಖಾನೆ ತೊಗಟೆಯನ್ನು ಅನಿಲವಾಗಿಸಿ ಆ ಗೂಡನ್ನೂ ಉರಿಸುತ್ತದೆ, ತನಗೆ ಬೇಕಾದ ವಿದ್ಯುತ್ತಿನ ಎರಡು ಪಟ್ಟಿಗೂ ಹೆಚ್ಚನ್ನು ತಾನೇ ತಯಾರಿಸುತ್ತದೆ. ಭಾರತಕ್ಕೆ ಇದನ್ನು ಹಾಗೇ ಎತ್ತಿ ತರಲಾಗದು, ಯಾಕೆಂದರೆ ನಮ್ಮ ಕಾಗದದಲ್ಲಿ ಮೂರನೆಯ ಎರಡು ಪಾಲಿಗೂ ಮಿಕ್ಕಿ ರದ್ದಿಯಿಂದ ಬರುತ್ತದೆ. ಉದ್ಯಮಗಳ ಶಕ್ತಿ ಬಳಕೆ ತಗ್ಗಿಸಲು 2012ರಲ್ಲಿ ಶುರುವಾದ ಕೇಂದ್ರದ ಪ್ಯಾಟ್ ಯೋಜನೆ ಟನ್ ಕಾಗದಕ್ಕೆ ಎಷ್ಟು ಶಕ್ತಿ ಖರ್ಚಾಯಿತೆಂದು ಅಳೆಯಿತು. ಅಂಥ ಅಳತೆಯ ಗಮನ ಶಕ್ತಿಯ ಪ್ರಮಾಣದ ಮೇಲೆಯೇ ಹೊರತು ಅದರ ಮೂಲದ ಮೇಲಲ್ಲ. 2023ರಲ್ಲಿ ಘೋಷಣೆಯಾದ ಕಾರ್ಬನ್ ಕ್ರೆಡಿಟ್ ವ್ಯಾಪಾರದ ಯೋಜನೆ ಟನ್ ಕಾಗದಕ್ಕೆ ಎಷ್ಟು ಹಸಿರುಮನೆ ಅನಿಲ ಹೊರಟಿತೆಂದು ಅಳೆಯುತ್ತದೆ. ಈ ಬದಲಾವಣೆ ಸರಿಯಾದ ದಿಕ್ಕಿನದು. ಆದರೆ ಮರ ಬೇಯಿಸುವ ಕಾರ್ಖಾನೆಯನ್ನೂ ರದ್ದಿ ಕರಗಿಸುವ ಕಾರ್ಖಾನೆಯನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದರೆ, ಸ್ವಂತ ಇಂಧನ ಇರುವವನಿಗೆ ಬಹುಮಾನ, ಮರ ಉಳಿಸಿದವನಿಗೆ ದಂಡ ಎಂದಾದೀತು. ಕಚ್ಚಾಮಾಲಿಗೆ ತಕ್ಕಂತೆ ಗುರಿಗಳನ್ನು ಬೇರೆ ಬೇರೆಯಾಗಿ ನಿಗದಿ ಮಾಡಬೇಕು. ರದ್ದಿ ಕಾರ್ಖಾನೆಯ ಉಗಿಗೆ ಬೇಸಾಯದ ಹೊಟ್ಟು, ಕಬ್ಬಿನ ಸಿಪ್ಪೆ ಇಲ್ಲವೇ ಬಿಸಿಲಿನ ಶಾಖ ಒದಗುವ ಹಾಗೆ ಸಾಲ ಮತ್ತು ಸಹಾಯಧನವೂ ಆ ಗುರಿಗಳ ಜತೆಯಲ್ಲೇ ಬರಬೇಕು.